ಬಿಳಿ ಅಂಗಿಯ ಡಾಕ್ಟ್ರು ಮತ್ತು ಬೀಜಾಡಿಯ ಬಾವಿನೀರು

ತಲ್ಲೂರಿನ ಹೆದ್ದಾರಿ ಪಕ್ಕ ಅವರ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿ ಎರಡು ತಿಂಗಳಾಯಿತು. ಒಂದು ಬದಿಯ ಹಗ್ಗ ಬಿಟ್ಟುಹೋಗಿ, ಗಾಳಿ ಬಂದಾಗಲೆಲ್ಲ ಮುಖ ಮಡಚಿಕೊಂಡು ಬಿಳಿ ಅಂಗಿಯಷ್ಟೇ ಉಳಿಯುತ್ತದೆ. ಅವರ ಗುರುತು ಹಿಡಿಯಲು ನನಗೆ ಅಷ್ಟು ಸಾಕು. ಹೆಸರು ಬರೆಯುವುದಿಲ್ಲ. ಬೈಂದೂರಿನಿಂದ ಬ್ರಹ್ಮಾವರದ ತನಕ ಯಾವ ಗ್ಯಾರೇಜಿನಲ್ಲೂ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಡಾಕ್ಟ್ರು ಎಂದರೆ ಅವರೇ. ಆಸ್ಪತ್ರೆಯ ಡಾಕ್ಟ್ರುಗಳಿಗೆ ಬೇಕಾದರೆ ಬೇರೆ ಹೆಸರು ಹುಡುಕಿಕೊಳ್ಳಬೇಕಿತ್ತು.

ಗ್ಯಾರೇಜಿನವರ ಸಂಘದಿಂದ ಅವರ ನೆನಪಿಗೊಂದು ಸಂಚಿಕೆ ತರುತ್ತಾರಂತೆ. ನನಗೂ ಎರಡು ಪುಟ ಮೀಸಲಿಟ್ಟಿದ್ದಾರೆ. ನಾಲ್ಕು ಒಳ್ಳೆಯ ಮಾತು ಬರೆದುಕೊಡಿ, ಅವರ ಗೋಡೆಗೇ ಹದಿನೆಂಟು ವರ್ಷ ಒರಗಿಕೊಂಡಿದ್ದವರು ನೀವು ಎಂದರು. ಅದು ನಿಜ. ನನ್ನದು ವಾಹನಗಳ ವಯರಿಂಗ್ ಮತ್ತು ಬ್ಯಾಟರಿ ಕೆಲಸ. ಕೆಲಸ ಶುರುಮಾಡಲು ಜಾಗ ಸಿಗದೆ ಅಲೆಯುತ್ತಿದ್ದಾಗ ಅವರ ಗ್ಯಾರೇಜಿನ ಹೊರಗೋಡೆಗೆ ನಾಲ್ಕು ತಗಡಿನ ಶೀಟು ಒರಗಿಸಿಕೊಳ್ಳಲು ಬಿಟ್ಟವರು ಅವರೇ. ಒಂದು ಒಳ್ಳೆಯ ಮಾತು ಇದಾಯಿತು. ಉಳಿದ ಮೂರನ್ನು ಹುಡುಕುತ್ತಾ ಕೂತಿದ್ದೇನೆ.

ಅಂಗಿಯಿಂದಲೇ ಶುರುಮಾಡುತ್ತೇನೆ. ಗ್ಯಾರೇಜಿನಲ್ಲಿ ಬಿಳಿ ಅಂಗಿ ತೊಟ್ಟು, ಬೆಳಿಗ್ಗೆ ಇದ್ದಷ್ಟೇ ಬೆಳ್ಳಗೆ ಸಂಜೆ ಮನೆಗೆ ಹೋಗುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಜನ ಇದನ್ನು ಶಿಸ್ತು ಎಂದು ಹೊಗಳುತ್ತಿದ್ದರು. ಗಾಡಿಯ ಕೆಳಗೆ ಒಂದು ದಿನವೂ ಮಲಗದವನ ಅಂಗಿ ಬೆಳ್ಳಗಿರದೆ ಇನ್ನೆಂತ ಆಗಬೇಕು? ಮಲಗಲು ಬೇರೆಯವರಿದ್ದರು. ಇವರು ಮಾತ್ರ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚುತ್ತಿದ್ದರು. ಆಗ ಯಾರೂ ಕೆಮ್ಮಬಾರದು. ಡಾಕ್ಟ್ರು ಎಂಬ ಹೆಸರು ಬಂದದ್ದು ಹಾಗೆ.

ಕಿವಿಗಿಡುವುದು ತಪ್ಪಲ್ಲ. ಒಳ್ಳೆಯ ಮೆಕ್ಯಾನಿಕ್ಕುಗಳು ಮಾಡುವ ಕೆಲಸವೇ ಅದು. ಆದರೆ ಅವರಿಗೆ ಕೇಳಿಸಬೇಕಲ್ಲ! ಒಮ್ಮೆ ಒಂದು ಜೀಪಿಗೆ ಸ್ಕ್ರೂಡ್ರೈವರ್ ಇಟ್ಟು ಬಹಳ ಹೊತ್ತು ನಿಂತು, ಬೇರಿಂಗ್ ಹೋಗಿದೆ, ಕರಕರ ಎನ್ನುತ್ತಿದೆ ಎಂದರು. ಕರಕರ ಎನ್ನುತ್ತಿದ್ದದ್ದು ರಸ್ತೆಯಾಚೆಯ ಕಬ್ಬಿನ ಹಾಲಿನ ಯಂತ್ರ. ಆ ಯಂತ್ರ ನಿಂತಿತು, ಶಬ್ದವೂ ನಿಂತಿತು, ನಮಗೆಲ್ಲ ಗೊತ್ತಾಯಿತು. ಡಾಕ್ಟ್ರು ಮಾತ್ರ ಕಣ್ಣು ತೆರೆದು ಜೀಪಿನವರಿಗೆ ಹೇಳಿದರು: "ಈಗ ನಿಂತಿತ್ತ್. ನಾಳೆ ಮತ್ತ್ ಬತ್ತ್." ಬೇರಿಂಗ್ ಬದಲಾಯಿಸಿಯೇ ಕಳಿಸಿದರು.

ಮುಂಬಯಿಯಲ್ಲಿ ದೊಡ್ಡ ದೊಡ್ಡವರ ಫಾರಿನ್ ಗಾಡಿಗಳನ್ನು ನೋಡಿಕೊಳ್ಳುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ಮಾತಿಗೊಂದು ಹಿಂದಿ ಸೇರಿಸುತ್ತಿದ್ದರು. ಅವರ ಜೊತೆಗೇ ಅಲ್ಲಿ ಇದ್ದ ಬಿಜೂರಿನವರೊಬ್ಬರು ಒಮ್ಮೆ ಬ್ಯಾಟರಿ ಚಾರ್ಜಿಗೆ ಬಂದವರು ನಕ್ಕು, ನೋಡಿಕೊಳ್ಳುತ್ತಿದ್ದದ್ದು ಹೌದು, ಪೆಟ್ರೋಲ್ ಬಂಕಿನಲ್ಲಿ ನೀರು ಹೊಡೆದು ತೊಳೆಯುವಾಗ ಎಂದರು. ಗಾಡಿ ತೊಳೆಯುವುದು ಸಣ್ಣ ಕೆಲಸವೆಂದು ನಾನು ತಿಳಿದವನಲ್ಲ. ತೊಳೆದೆ ಎಂದು ಹೇಳಿದ್ದರೆ ಅವರ ಮೇಲೆ ನನಗೆ ಗೌರವವೇ ಇರುತ್ತಿತ್ತು. ಆದರೆ ಅವರ ಬಾಯಲ್ಲಿ ಎರಡು ಮಾತು ಯಾವತ್ತೂ ಬಂದದ್ದಿಲ್ಲ. ಒಂದು, ಗೊತ್ತಿಲ್ಲ. ಇನ್ನೊಂದು, ತಪ್ಪಾಯಿತು.

"ಗಾಡಿ ಸುಳ್ಳ್ ಹೇಳುದಿಲ್ಲ, ತಂದವ್ರ್ ಹೇಳುದ್" ಎನ್ನುವುದು ಅವರ ಮೆಚ್ಚಿನ ಮಾತಾಗಿತ್ತು. ಈಗ ಅದೇ ಫ್ಲೆಕ್ಸಿನ ಮೇಲೂ ಇದೆ. ಗಾಡಿ ನೋಡಿದವರು ಹೇಳುವ ಸುಳ್ಳಿನ ಬಗ್ಗೆ ಅವರು ಏನೂ ಹೇಳಿ ಹೋಗಲಿಲ್ಲ. ಅದನ್ನು ನಾನೇ ಹೇಳಬೇಕಾಗಿದೆ.

ನಾಲ್ಕು ವರ್ಷದ ಹಿಂದೆ ಬೈಂದೂರಿನ ಮೀನು ವ್ಯಾಪಾರದ ಸಾಹುಕಾರರೊಬ್ಬರು ಮುಂಬಯಿಯಿಂದ ಒಂದು ಸೆಕೆಂಡ್‌ಹ್ಯಾಂಡ್ ಸ್ಪೋರ್ಟ್ಸ್ ಕಾರು ತರಿಸಿದರು. ಕೆಂಪು ಬಣ್ಣ, ಎರಡೇ ಸೀಟು, ಇಂಜಿನ್ ಸೀಟಿನ ಹಿಂದೆ. ನಮ್ಮ ಕಡೆಯ ರಸ್ತೆಗೆ ಅಂಥ ಗಾಡಿ ಯಾಕೆ ಬೇಕಿತ್ತೆಂದು ಸಾಹುಕಾರರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರತಿ ಹಂಪ್ ಬಂದಾಗಲೂ ಅಡಿ ತಾಗಿ ಕರ್ ಎನ್ನುತ್ತಿತ್ತು. ಸಾಹುಕಾರರ ಹೊಟ್ಟೆಗೂ ಸ್ಟಿಯರಿಂಗಿಗೂ ನಡುವೆ ಒಂದು ಬೆರಳು ತೂರುತ್ತಿರಲಿಲ್ಲ. ಅವರ ಹೆಂಡತಿ ಒಮ್ಮೆ ಹತ್ತಿ, ಇಳಿಯಲು ಇಬ್ಬರ ಸಹಾಯ ಬೇಕಾದ ಮೇಲೆ ಆ ಕಡೆ ತಲೆ ಹಾಕಿ ಮಲಗಲಿಲ್ಲ.

ತಂದ ತಿಂಗಳೊಳಗೇ ಮುಂದಿನ ರೇಡಿಯೇಟರಿಗೆ ಕಲ್ಲು ಬಡಿದು ತೂತಾಯಿತು. ಡಾಕ್ಟ್ರು ಅದನ್ನು ಬೀಜಾಡಿಯವರಿಗೆ ಕೊಟ್ಟರು. ಬೀಜಾಡಿಯವರೆಂದರೆ ನಮ್ಮ ಗ್ಯಾರೇಜಿನ ಹಿಂದಿನ ಓಣಿಯಲ್ಲಿ ರೇಡಿಯೇಟರ್ ಕೆಲಸ ಮಾಡುತ್ತಿದ್ದ ಹಿರಿಯರು. ಊರಿನ ಹೆಸರೇ ಅವರ ಹೆಸರಾಗಿತ್ತು. ಹಿತ್ತಾಳೆಯ ರೇಡಿಯೇಟರುಗಳ ಕಾಲದಿಂದ ಬೆಸುಗೆ ಹಾಕುತ್ತಾ ಬಂದವರು, ಅಲ್ಯೂಮಿನಿಯಂ ಬಂದ ಮೇಲೆ ವಯಸ್ಸಾದರೂ ಅದನ್ನೂ ಕಲಿತರು. ರೇಡಿಯೇಟರ್ ಬಿಚ್ಚಿ ಒಳಗಿನ ಕಲ್ಮಶ ನೋಡಿದರೆ ಸಾಕು, ಗಾಡಿ ಯಾವ ಊರಿನ ನೀರು ಕುಡಿದಿದೆ ಎಂದು ಹೇಳುತ್ತಿದ್ದರು. ಬಿಜೂರಿನ ಗದ್ದೆ ಬದಿಯ ಬಾವಿಯಾದರೆ ಕೆಂಪು, ಬೀಜಾಡಿ ಕಡೆಯ ಕಡಲ ಬದಿಯ ಬಾವಿಯಾದರೆ ಬಿಳಿ. ಬಾವಿನೀರು ಹಾಕಬೇಡಿ, ಕೂಲೆಂಟ್ ಹಾಕಿ ಎಂದು ಎಲ್ಲರಿಗೂ ಹೇಳಿ ಹೇಳಿ ಅವರ ಬಾಯಿ ಸೋತಿತ್ತು. ನಮ್ಮವರು ಕೇಳಬೇಕಲ್ಲ. ಮನೆಯಲ್ಲಿ ಬಾವಿ ಇರುವಾಗ ಬಣ್ಣದ ನೀರನ್ನು ಯಾರಾದರೂ ಅಂಗಡಿಯಿಂದ ತರುತ್ತಾರೆಯೇ?

ಬೆಸುಗೆ ಹಾಕಿ ಗಾಡಿ ಹೋಯಿತು. ಇಪ್ಪತ್ತು ದಿನಕ್ಕೆ ಮರಳಿ ಬಂತು. ಕೂಲೆಂಟ್ ಕಡಿಮೆಯಾಗುತ್ತಿದೆ, ಎರಡು ದಿನಕ್ಕೊಮ್ಮೆ ಎಚ್ಚರಿಕೆಯ ದೀಪ ಹತ್ತುತ್ತದೆ ಎಂದು ಸಾಹುಕಾರರ ದೂರು. ನೆಲದ ಮೇಲೆ ಒಂದು ಹನಿ ಇಲ್ಲ. ಹೊಗೆ ಬೆಳ್ಳಗಿಲ್ಲ, ಆಯಿಲಿಗೆ ನೀರು ಸೇರಿಲ್ಲ. ನೀರು ಎಲ್ಲಿಗೆ ಹೋಗುತ್ತಿದೆ ಎಂದು ಯಾರಿಗೂ ತಿಳಿಯಲಿಲ್ಲ. ಇಲ್ಲಿ ಡಾಕ್ಟ್ರು ಗೊತ್ತಿಲ್ಲ ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮೊದಲ ವಾರ, ಗಾಡಿಗೆ ಕಡಲ ಹವೆ ಒಗ್ಗಬೇಕು ಎಂದರು. ಎರಡನೇ ವಾರ ಟ್ಯಾಂಕಿನ ಮುಚ್ಚಳ ಬದಲಾಯಿಸಿದರು. ಆಮೇಲೆ ಅಡಿಗೆ ರಟ್ಟು ಹಾಸಿ ದಿನಾ ಬೆಳಿಗ್ಗೆ ಬಂದು ರಟ್ಟನ್ನು ನೋಡುತ್ತಿದ್ದರು. ಕಡಿಮೆಯಾದಾಗಲೆಲ್ಲ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ನನ್ನ ಶೆಡ್ಡಿನಿಂದ ತರಿಸಿ ತುಂಬಿಸುತ್ತಿದ್ದರು. ಹೀಗೆ ತುಂಬಿಸಿ ತುಂಬಿಸಿ ಕೂಲೆಂಟಿನ ಬಣ್ಣವೇ ತೊಳೆದುಹೋಯಿತು. ಇಂಜಿನ್ನಿನ ಮೇಲಿನ ಕವರನ್ನು ಮಾತ್ರ ಬಿಚ್ಚಿಸಲಿಲ್ಲ. ಬಿಚ್ಚಿದರೆ ಬಗ್ಗಬೇಕು, ಕೈ ಹಾಕಬೇಕು, ಅಂಗಿಯ ಗತಿ ಏನು?

ಸಾಹುಕಾರರ ತಾಳ್ಮೆ ಮುಗಿಯುತ್ತಾ ಬಂದ ದಿನ ಡಾಕ್ಟ್ರು ಸ್ಕ್ರೂಡ್ರೈವರನ್ನು ರೇಡಿಯೇಟರಿಗೆ ತಾಗಿಸಿ ಕಿವಿಗಿಟ್ಟರು. ರೇಡಿಯೇಟರಿನಲ್ಲಿ ಕೇಳಲು ಏನಿದೆಯೋ ದೇವರೇ ಬಲ್ಲ. ಕಣ್ಣು ತೆರೆದು, ಚಾ ಅಂಗಡಿಯವರೆಗೂ ಕೇಳಿಸುವಂತೆ ಹೇಳಿದರು:

"ಬೆಸ್ಗೆ ಬೆವರ್ತಿತ್ತ್. ಕಣ್ಣಿಗ್ ಕಾಂಬ್ದಲ್ಲ ಅದ್."

ಕಣ್ಣಿಗೆ ಕಾಣದ ರೋಗಕ್ಕೆ ಒಂದು ಹೆಸರು ಬಂತು. ಹೊಣೆಗೊಬ್ಬ ಮನುಷ್ಯನೂ ಸಿಕ್ಕಿದ. ಬೀಜಾಡಿಯವರು ರೇಡಿಯೇಟರ್ ಬಿಚ್ಚಿ, ಅದರ ಬಾಯಿಗಳನ್ನು ಮುಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರು. ಒಂದು ಗುಳ್ಳೆ ಏಳಲಿಲ್ಲ. ನಾವು ಆರೇಳು ಜನ ಸುತ್ತ ನಿಂತು ನೋಡಿದೆವು. ಡಾಕ್ಟ್ರು ದೂರದಿಂದಲೇ ನಕ್ಕರು.

"ತಣ್ಣೀರಂಗೆ ಯಾರ್ ಬೆವರ್ತ್ರ್? ಬಿಸಿ ಆಯ್ಕ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾತು ಚೆನ್ನಾಗಿತ್ತು, ಅದೇ ದೊಡ್ಡ ಆಪತ್ತು. ಚೆನ್ನಾಗಿರುವ ಮಾತು ನಮ್ಮ ಕಡೆ ಬಸ್ಸಿಗಿಂತ ಬೇಗ ಹೋಗುತ್ತದೆ. ಹದಿನೈದು ದಿನದೊಳಗೆ ಬ್ರಹ್ಮಾವರದ ಗ್ಯಾರೇಜಿನವರು ಸಹ ಬೀಜಾಡಿಯವರ ಬೆಸುಗೆ ಬೆವರುತ್ತದೆಯಂತಲ್ಲ ಎಂದು ಕೇಳತೊಡಗಿದರು. ರೇಡಿಯೇಟರುಗಳು ಓಣಿಯ ಒಳಗೆ ಬರುವುದು ನಿಂತಿತು. ಹಿಂದೆ ಬಾಗಿಲಲ್ಲಿ ಸಾಲಾಗಿ ಒರಗಿಸಿಟ್ಟಿರುತ್ತಿದ್ದರು, ಈಗ ಅವರು ಖಾಲಿ ತೊಟ್ಟಿಯ ಪಕ್ಕ ಕೂತು ಬೆಸುಗೆಯ ಸರಳುಗಳ ತುಕ್ಕು ಉಜ್ಜುತ್ತಿದ್ದರು. ನಲವತ್ತು ವರ್ಷದ ಹೆಸರು ಒಂದು ತಮಾಷೆಗೆ ಹೋಯಿತು. ಆ ಗಾಡಿಯ ನೀರು ಎಲ್ಲಿ ಹೋಗುತ್ತಿದೆ ಎಂದು ಪತ್ತೆ ಮಾಡದೆ ಅವರಿಗೆ ಬೇರೆ ದಾರಿ ಉಳಿದಿರಲಿಲ್ಲ.

ಎಪ್ರಿಲ್ ಕೊನೆ ಇರಬೇಕು. ಒಂದು ಬೆಳಿಗ್ಗೆ ಅವರು ರಿಕ್ಷಾದಲ್ಲಿ ಎರಡು ದೊಡ್ಡ ಕ್ಯಾನು ನೀರು ತಂದಿಳಿಸಿದರು. ಅವರ ಮನೆಯ ಬಾವಿಯದು. ಮಳೆಗಾಲದಲ್ಲಿ ಸಿಹಿ, ಬೇಸಗೆ ಏರಿದಂತೆ ಕಡಲು ಒಳಗೆ ಬಂದು ಬಾಯಿಗೆ ಹಾಕಲಾಗದಷ್ಟು ಉಪ್ಪು. ಅದನ್ನು ಕೆಂಪು ಗಾಡಿಗೆ ತುಂಬಬೇಕು ಎಂದರು. ನನಗೆ ಅವರ ತಲೆ ಕೆಟ್ಟಿತೆಂದೇ ಅನ್ನಿಸಿತು. ಜೀವಮಾನವಿಡೀ ಯಾವ ನೀರನ್ನು ಬೈದರೋ ಅದನ್ನೇ ಹೊತ್ತು ತಂದಿದ್ದಾರೆ. ಕೇಳಿದ್ದಕ್ಕೆ ಹೇಳಿದರು:

"ಒಳ್ಳೆ ನೀರ್ ಆರಿರೆ ಗುರ್ತ್ ಉಳೂದಿಲ್ಲ ಮಾರಾಯಾ. ನಮ್ಮನಿ ಬಾವಿ ನೀರ್ ಆರಿರೆ ಬಿಳಿ ಉಳೀತ್. ಎಲ್ಲಿ ಬಿಳಿ ಇತ್ತೋ, ಅಲ್ಲೇ ತೂತ್."

ಡಾಕ್ಟ್ರು ಚಾ ಅಂಗಡಿಯಲ್ಲೇ ಸಭೆ ಸೇರಿಸಿದರು. ಈ ಮುದುಕ ಉಪ್ಪುನೀರು ಹಾಕಿ ಸಾಹುಕಾರರ ಗಾಡಿ ಹಾಳು ಮಾಡಲು ಹೊರಟಿದ್ದಾನೆ, ಇಂಜಿನ್ ಕೆಟ್ಟರೆ ನನ್ನನ್ನು ಕೇಳಬೇಡಿ, ನಾನು ಬೇಡ ಎಂದಿದ್ದೇನೆ, ಇಷ್ಟೂ ಜನ ಸಾಕ್ಷಿ ಎಂದು ಮೂರು ಸಲ ಹೇಳಿದರು. ಕೆಟ್ಟರೆ ತನ್ನ ಹೊಣೆ ಎಂದು ಬೀಜಾಡಿಯವರ ಬಾಯಿಂದ ಎಲ್ಲರೆದುರು ಹೇಳಿಸಿದರು. ಆ ಮುದುಕರು ತಲೆಯಾಡಿಸಿ ಹೌದೆಂದರು. ಸಾಹುಕಾರರಿಗೆ ಆ ದಿನಗಳಲ್ಲಿ ಊರಲ್ಲಿರಲು ಪುರುಸೊತ್ತಿರಲಿಲ್ಲ. ಏನಾದರೂ ಮಾಡಿ ಸರಿಮಾಡಿ ಎಂದು ಫೋನಿನಲ್ಲಿ ಹೇಳಿ ಮುಗಿಸಿದರು.

ಗಾಡಿ ಓಡಿಸಿದ್ದು ನಾನು. ಬೀಜಾಡಿಯವರು ಲುಂಗಿ ಎತ್ತಿ ಕಟ್ಟಿ ಪಕ್ಕದ ಸೀಟಿಗೆ ಇಳಿದರು. ಇಳಿದರು ಎಂದೇ ಹೇಳಬೇಕು. "ಇದ್ರಗೆ ಕೂಕಂಬ್ದಲ್ಲ, ಮನಿಕಂಬ್ದ್" ಎಂದು ಒಮ್ಮೆ ನಕ್ಕದ್ದು ಬಿಟ್ಟರೆ ಬೈಂದೂರಿಗೆ ಹೋಗಿ ಬರುವಷ್ಟೂ ಹೊತ್ತು ಅವರ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆಯೇ ಇತ್ತು. ದಾರಿಯುದ್ದಕ್ಕೂ ಬೈಕಿನ ಹುಡುಗರು ಪಕ್ಕಕ್ಕೆ ಬಂದು ಗಾಡಿಯ ವಿಡಿಯೋ ತೆಗೆಯುತ್ತಿದ್ದರು. ಅದರೊಳಗಿದ್ದ ಮುದುಕರು ನಲವತ್ತು ವರ್ಷದ ಹೆಸರನ್ನು ಪಣಕ್ಕಿಟ್ಟು ಕೂತಿದ್ದಾರೆಂದು ಅವರಿಗೇನು ಗೊತ್ತು. ಎರಡು ದಿನ ಹೀಗೆ ಓಡಿಸಿದೆವು. ಎರಡನೇ ಸಂಜೆ ದೀಪ ಹತ್ತಿತು. ನೀರು ಮತ್ತೆ ಕಡಿಮೆಯಾಗಿತ್ತು.

ಗಾಡಿ ತಣಿದ ಮೇಲೆ ಮೊದಲು ನೋಡಿದ್ದು ರೇಡಿಯೇಟರನ್ನು. ಬೀಜಾಡಿಯವರು ನನ್ನ ಕೈಗೇ ಟಾರ್ಚು ಕೊಟ್ಟು, ನೀನೇ ನೋಡು, ನಾನು ನೋಡಿದರೆ ಲೆಕ್ಕಕ್ಕಿಲ್ಲ ಎಂದರು. ಬೆಸುಗೆ ಒಣಗಿ ಶುದ್ಧವಾಗಿತ್ತು. ಒಂದು ಬಿಳಿ ಚುಕ್ಕೆ ಇರಲಿಲ್ಲ. ಆಮೇಲೆ ಹಿಂದೆ ಹೋದೆವು. ಸೆನ್ಸರಿನ ವಯರುಗಳನ್ನು ಬಿಡಿಸುವುದು ನನ್ನ ಕೆಲಸವಾದ್ದರಿಂದ ಇಂಜಿನ್ನಿನ ಕವರನ್ನೂ ನಾನೇ ಬಿಚ್ಚಿದೆ. ಗಾಳಿ ಹೋಗುವ ಕೊಳವೆಗಳ ಕೆಳಗೆ, ಇಂಜಿನ್ನಿನ ನಡುವಿನ ತಗ್ಗಿನಲ್ಲಿ ನೀರಿನ ಒಂದು ಪೈಪು ಸೇರುವ ಕುತ್ತಿಗೆ ಇದೆ. ಸಣ್ಣ ಕನ್ನಡಿ ಹಿಡಿದು ನೋಡಿದರೆ, ಉಪ್ಪಿನಕಾಯಿ ಭರಣಿಯ ಬಾಯಿಯಲ್ಲಿ ಕೂರುವಂಥ ಬಿಳಿ, ಒಂದು ಗೆರೆಯಾಗಿ ಕೂತಿತ್ತು. ಗೆರೆಯ ನಡುವೆ ಕೂದಲೆಳೆಯ ಬಿರುಕು. ಬಿಸಿಯಾದಾಗ ಬಾಯಿ ಬಿಡುತ್ತಿತ್ತು, ಬಿದ್ದ ಹನಿ ಸುಡುವ ಕಬ್ಬಿಣದ ಮೇಲೆ ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು. ರಟ್ಟು ಹಾಸಿ ಕಾದವರಿಗೆ ಏನು ಸಿಗಬೇಕು?

ಬೀಜಾಡಿಯವರು ಕೈ ತೂರಿಸಿ ಬೆರಳಲ್ಲಿ ಮುಟ್ಟಿ, ನಾನು ಬೇಡ ಎನ್ನುವ ಮೊದಲೇ ನಾಲಿಗೆಗೆ ತಾಗಿಸಿದರು. "ನಮ್ಮನಿದೇ" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಬಹಳ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಾಹುಕಾರರು ಮರುದಿನ ಬಂದರು. ಬೀಜಾಡಿಯವರು ಅಷ್ಟು ಹೊತ್ತಿಗೆ ಉಪ್ಪುನೀರನ್ನೆಲ್ಲ ತೆಗೆದು, ಸಿಹಿನೀರಿನಲ್ಲಿ ಮೂರು ಸಲ ಒಳಗೆಲ್ಲ ತೊಳೆದು, ನಲ್ಲಿಯ ಹತ್ತಿರ ಕ್ಯಾನು ತೊಳೆಯುತ್ತಿದ್ದರು. ಡಾಕ್ಟ್ರು ಬಿಳಿ ಅಂಗಿಯಲ್ಲಿ ಗಾಡಿಯ ಹಿಂದೆ ನಿಂತು, ಬಿರುಕಿನ ಕಡೆಗೆ ಸ್ಕ್ರೂಡ್ರೈವರಿನಿಂದ ತೋರಿಸಿದರು.

"ಹ್ವಾಯ್, ನಾ ಹೇಳ್ಲಿಲ್ಯಾ? ಉಪ್ಪ್ನೀರ್ ಹಾಕಿ ಕಂಡ್ರೆ ಸಮ ಗೊತ್ತಾತ್ತ್ ಅಂದೇಳಿ."

ಇಂಥ ಮಾತು ಹೇಳುವಾಗ ಮನುಷ್ಯನ ಕಣ್ಣಾದರೂ ಆಚೀಚೆ ಆಗಬೇಕು. ಆಗಲಿಲ್ಲ. ಹೇಳುತ್ತಿದ್ದಂತೆ ಅವರಿಗೇ ಅದು ನಿಜವೆನಿಸಿತ್ತು ಎಂದು ಈಗಲೂ ನನ್ನ ನಂಬಿಕೆ. ಪೈಪೂ ಹೋಗಿತ್ತು, ಬೆಸುಗೆಯೂ ಸ್ವಲ್ಪ ಬೆವರುತ್ತಿತ್ತು, ಎರಡೂ ಸರಿಯಾಯಿತು ಎಂದು ಸೇರಿಸಿದರು. ಮೂರು ಸಲ ಸಾಕ್ಷಿ ಎನ್ನಿಸಿಕೊಂಡಿದ್ದ ಚಾ ಅಂಗಡಿಯ ಸಭೆಯಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಸಾಹುಕಾರರು ನನ್ನ ಕಡೆ ತಿರುಗಿದರು.

"ಹೌದಾ? ಡಾಕ್ಟ್ರ್ ಹೇಳಿಯೇ ಹಾಕಿದ್ದಾ?"

ನನ್ನ ಶೀಟುಗಳು ಡಾಕ್ಟ್ರ ಗೋಡೆಗೆ ಒರಗಿದ್ದವು. ಅವರ ಗ್ಯಾರೇಜಿಗೆ ಬರುವ ಎಲ್ಲ ಗಾಡಿಗಳ ವಯರಿಂಗ್ ನನಗೇ ಬರುತ್ತಿತ್ತು. ನಾನು "ಹ್ಞೂಂ" ಎಂದೆ. ನಲ್ಲಿಯ ಹತ್ತಿರ ಕ್ಯಾನಿನ ಶಬ್ದ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಶುರುವಾಯಿತು.

ಪೈಪು ಬಂತು, ಹಾಕಿಯಾಯಿತು. ಅದೇ ರೇಡಿಯೇಟರ್, ಅದೇ ಬೆಸುಗೆ. ಸಾಹುಕಾರರು ಮಾರುವ ತನಕ, ಅಂದರೆ ಮತ್ತೊಂದು ವರ್ಷ, ಕೂಲೆಂಟ್ ಒಂದು ಗೆರೆಯೂ ಇಳಿಯಲಿಲ್ಲ. ಆದರೆ ಬೆವರುವ ಬೆಸುಗೆಯ ಮಾತನ್ನು ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ಆ ಮಳೆಗಾಲ ಕಳೆಯುವುದರೊಳಗೆ ಬೀಜಾಡಿಯವರು ಓಣಿಯ ಶೆಡ್ಡು ಬಿಟ್ಟರು. ಈಗ ಮನೆಯಂಗಳದಲ್ಲಿ ಹಂಡೆ, ಕೊಡಪಾನಗಳ ತೂತು ಮುಚ್ಚುತ್ತಾರೆ. ಡಾಕ್ಟ್ರ ಉಪ್ಪುನೀರಿನ ಕತೆ ಮಾತ್ರ ಬೆಳೆಯುತ್ತಾ ಹೋಯಿತು. ಒಂದು ಸಲ ಅವರೇ ಹೇಳುವಾಗ ಕೇಳಿದೆ, ಅದರಲ್ಲಿ ಕಡಲಿಗೇ ಹೋಗಿ ನೀರು ತಂದವರು ಅವರೇ.

ಸಂತಾಪ ಸಭೆಯಲ್ಲಿ ಐದು ಜನ ಮಾತಾಡಿದರು. ಐವರೂ ಉಪ್ಪುನೀರಿನ ಕತೆ ಹೇಳಿದರು. ನನ್ನನ್ನೂ ಕರೆದರು. ವೇದಿಕೆ ಹತ್ತಿ ನೋಡಿದರೆ ಕೊನೆಯ ಸಾಲಿನಲ್ಲಿ ಬೀಜಾಡಿಯವರು ಒಗೆದ ಅಂಗಿ ಹಾಕಿ ಕೂತಿದ್ದರು. ಸತ್ತವರ ಮನೆಗೆ ಹೋಗದೆ ಇರಬಾರದು ಎಂಬ ಜನ ಅವರು. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡೇ ಮೈಕು ಹಿಡಿದೆ. ಡಾಕ್ಟ್ರ ಅಂಗಿಯ ಮೇಲೆ ಒಂದು ದಿನವೂ ಕಲೆ ಕಂಡವನಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರ ಮಗಳು ಕಣ್ಣೊರೆಸಿಕೊಂಡಳು. ನನ್ನ ಧೈರ್ಯ ಅಲ್ಲಿಗೇ ಮುಗಿಯಿತು. ಹದಿನೆಂಟು ವರ್ಷ ಡಾಕ್ಟ್ರನ್ನು ಮನಸ್ಸಿನಲ್ಲೇ ಹೀಯಾಳಿಸಿದವನಿಗೆ ಅವರ ಹೆಣ ಸುಟ್ಟ ಮೇಲೂ ಬಾಯಿ ಬರಲಿಲ್ಲ. ಯಾರು ಹೆಚ್ಚು ಹೇಡಿ ಎಂದು ಓದುವವರೇ ಹೇಳಲಿ.

ಕೆಳಗಿಳಿದು ಚಪ್ಪಲಿ ಹುಡುಕುವಾಗ ಬೀಜಾಡಿಯವರು ಪಕ್ಕಕ್ಕೆ ಬಂದು ನಿಂತರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಉಪ್ಪ್ನೀರಿನ್ ಕತೆ ಅವ್ರ್‌ದೇ ಆಯ್ಲಿ, ನಂಗೆಂತಕ್ ಅದ್. ನನ್ನ್ ಬೆಸ್ಗೆ ಬೆವರ್ಲಿಲ್ಲ ಅಂದ್ ಒಂದ್ ಮಾತ್ ಹೇಳ್ಲಕ್ಕಿತ್ತ್, ನೀನ್."

ಅವರು ಬಸ್ಸಿಗೆ ಹೊತ್ತಾಯಿತೆಂದು ಹೋದರು.

ಸಂಘದವರು ಕೇಳಿದ ಎರಡು ಪುಟ ಇಲ್ಲಿಗೆ ಮುಗಿಯಿತು. ಒಳ್ಳೆಯ ಮಾತು ಒಂದೇ ಆದದ್ದಕ್ಕೆ ಕ್ಷಮಿಸಲಿ. ಇದರಲ್ಲಿ ಎಷ್ಟು ಬೇಕಾದರೂ ಕತ್ತರಿಸಲಿ, ಸ್ಕ್ರೂಡ್ರೈವರ್ ತೆಗೆಯಲಿ, ಕಬ್ಬಿನ ಹಾಲು ತೆಗೆಯಲಿ, ಪೆಟ್ರೋಲ್ ಬಂಕು ತೆಗೆಯಲಿ. ಇಷ್ಟನ್ನು ಮಾತ್ರ ಇಟ್ಟುಕೊಳ್ಳಲಿ. ಇಡದಿದ್ದರೆ ದಪ್ಪ ಅಕ್ಷರದಲ್ಲಿ ಬರೆಸಿ ನನ್ನ ಶೀಟಿನ ಮೇಲೆ ಹೆದ್ದಾರಿಗೆ ಕಾಣುವಂತೆ ಕಟ್ಟುತ್ತೇನೆ, ಆ ಗೋಡೆ ಇವತ್ತು ಯಾರದ್ದಾದರೂ ಆಗಿರಲಿ. ಬೀಜಾಡಿಯವರ ಬೆಸುಗೆ ಬೆವರಲಿಲ್ಲ. ಟಾರ್ಚು ಹಿಡಿದು ನೋಡಿದವನು ನಾನು. ಅದು ಒಣಗಿತ್ತು.